ಬೂಮ್ ಏಳದಿದ್ದರೆ ಮೋಟಾರ್ ಬದಲಿಸಬೇಡಿ

ಪ್ರಶ್ನೆ: ನಾವು ಧಾರವಾಡದವರು. ಟ್ರೇಲರ್ ಮೇಲೆ ಸಾಗುವ, ಮಣ್ಣು ಅಗೆಯುವ ಹೊಸ ಹಿಟಾಚಿ ಯಂತ್ರಗಳನ್ನು ನೋಡಿ ನೋಡಿ, ಏಳನೆಯ ತರಗತಿಯ ನನ್ನ ಮಗಳಿಗೆ ಅಂಥದ್ದೊಂದನ್ನು ಲೆಗೊ ಟೆಕ್ನಿಕ್ ಭಾಗಗಳಿಂದ ಕಟ್ಟುವ ಹುಚ್ಚು ಹಿಡಿದಿದೆ. ಸೆಟ್ ಕೊಳ್ಳದೆ, ಹಳೆಯ ಭಾಗಗಳನ್ನು ಕೂಡಿಸಿ ನಾವೇ ವಿನ್ಯಾಸ ಮಾಡಿದ್ದೇವೆ. ಪವರ್ ಫಂಕ್ಷನ್ಸ್ (ಲೆಗೊದ ಹಳೆಯ ಮೋಟಾರ್ ವ್ಯವಸ್ಥೆ) ಬಗೆಯ ನಾಲ್ಕು ಎಂ ಮೋಟಾರ್, ರಿಮೋಟಿನ ಮಾತು ಕೇಳುವ ಎರಡು ರಿಸೀವರ್, ಬೂಮಿಗೆ (ಬುಡದ ದೊಡ್ಡ ತೋಳು) ಎರಡು ದೊಡ್ಡ ಲೀನಿಯರ್ ಆಕ್ಚುಯೇಟರ್ (ತಿರುಪಿನಿಂದ ಕೋಲು ಚಾಚುವ ಭಾಗ) ಇವೆ. ಅಗಲ, ಟೆಕ್ನಿಕ್ ಭಾಗಗಳ ತೂತಿನ ಲೆಕ್ಕದಲ್ಲಿ, 18 ತೂತು. ಬೂಮ್ ಮತ್ತು ಆರ್ಮ್ (ಬಕೆಟ್ ಹಿಡಿದ ಮುಂದಿನ ತೋಳು) ಸೇರಿ 60 ತೂತು ಉದ್ದ. ತೊಂದರೆಗಳು ಮೂರು. ನೆಲಕ್ಕೆ ತಗ್ಗಿಸಿದ ಬೂಮ್ ಮತ್ತೆ ಏಳುವುದಿಲ್ಲ, ಕಟಕಟ ಸದ್ದು ಮಾತ್ರ ಬರುತ್ತದೆ. ಕೈಯಿಂದ ತುಸು ಎತ್ತಿಕೊಟ್ಟರೆ ಆಮೇಲೆ ತಾನೇ ಏಳುತ್ತದೆ. ಮೇಲ್ಭಾಗ ಎರಡು ಸುತ್ತು ತಿರುಗಿದರೆ ವೈರುಗಳು ಹುರಿಯಾಗುತ್ತವೆ. ನೇರ ಹೋಗು ಎಂದರೆ ಎಡಕ್ಕೆ ಹೋಗುತ್ತದೆ. ಎಕ್ಸ್‌ಎಲ್ ಮೋಟಾರ್ ಕೊಂಡರೆ ಸರಿಹೋದೀತೆ? ಆರ್ಮ್ ಮತ್ತು ಬಕೆಟ್‌ಗೂ ಮೋಟಾರ್ ಹಾಕುವ ಆಸೆ ಇದೆ. ಇಲ್ಲವೇ ದೊಡ್ಡ ಸೆಟ್ಟನ್ನೇ ತರಿಸುವುದು ಮೇಲೆ?

ಉತ್ತರ: ಎಕ್ಸ್‌ಎಲ್ ಬೇಡ. ಈ ಹವ್ಯಾಸದಲ್ಲಿ ಅತಿ ಹೆಚ್ಚು ದುಡ್ಡು ಪೋಲಾಗುವುದೇ ಇಲ್ಲಿ: ಯಂತ್ರ ಅಲುಗಾಡದಿದ್ದರೆ ದೊಡ್ಡ ಮೋಟಾರ್, ಆಗಲೂ ಅಲುಗಾಡದಿದ್ದರೆ ಇನ್ನೊಂದು. ನಿಮ್ಮ ಪತ್ರದಲ್ಲೇ ರೋಗದ ಲಕ್ಷಣ ಸ್ಪಷ್ಟವಾಗಿದೆ. ಕೆಳಗಿನಿಂದ ಏಳದ ಬೂಮ್ ತುಸು ಎತ್ತಿಕೊಟ್ಟರೆ ಏಳುತ್ತದೆ ಎಂದರೆ ಮೋಟಾರಿನಲ್ಲಿ ಬಲವಿದೆ. ಆ ಬಲ ಬೂಮಿಗೆ ತಲುಪುವ ಕೋನ ಸರಿಯಿಲ್ಲ, ಅಷ್ಟೆ.

ಮೊದಲು ಬೂಮಿನ ಭಾರವನ್ನು ಅಳೆಯಿರಿ. ಇದಕ್ಕೆ ನ್ಯೂಟನ್, ಮೀಟರ್ ಏನೂ ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಆಕ್ಚುಯೇಟರ್‌ಗಳನ್ನು ಬೂಮಿನಿಂದ ಕಳಚಿ, ಬೂಮ್ ತನ್ನ ಬುಡದ ಪಿನ್ನಿನ ಮೇಲೆ ಸಡಿಲವಾಗಿ ಆಡುವಂತೆ ಬಿಡಿ. ಆರ್ಮನ್ನು ಪೂರ್ತಿ ಮುಂದಕ್ಕೆ ಚಾಚಿ, ಬಕೆಟ್‌ನ ತುದಿ ತಕ್ಕಡಿಯ ಮೇಲೆ ಕೂರುವಂತೆ ಇಡಿ. ಬೂಮಿನ ಬುಡದ ಪಿನ್ ಮತ್ತು ಬಕೆಟ್ ತುದಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಲಿ. ಬೇಕಾದರೆ ತಕ್ಕಡಿಯ ಕೆಳಗೆ ಪುಸ್ತಕ ಇಡಿ. ತಕ್ಕಡಿ ತೋರಿಸಿದ ಗ್ರಾಂಗಳನ್ನು ಬುಡದಿಂದ ತುದಿಗಿರುವ ತೂತುಗಳ ಲೆಕ್ಕದಿಂದ ಗುಣಿಸಿ. ತಕ್ಕಡಿ 100 ಗ್ರಾಂ ತೋರಿಸಿತು, ದೂರ 50 ತೂತು ಎಂದುಕೊಳ್ಳಿ: 5000. ಇದನ್ನು ಗ್ರಾಂ-ತೂತು ಎಂದು ಕರೆಯೋಣ. ಪಠ್ಯಪುಸ್ತಕದಲ್ಲಿಲ್ಲದ ಮಾನ, ಆದರೆ ಮಗಳ ವಿಜ್ಞಾನ ಪಾಠದ ಸನ್ನೆಯ ನಿಯಮವೇ ಇದು. ಟೆಕ್ನಿಕ್‌ನಲ್ಲಿ ತೂತಿನಿಂದ ತೂತಿಗೆ ಸರಿಯಾಗಿ 8 ಮಿಲಿಮೀಟರ್ ಇರುವುದರಿಂದ ಅಳತೆಪಟ್ಟಿಯೂ ಬೇಕಿಲ್ಲ.

ಈಗ ಆಕ್ಚುಯೇಟರ್ ಎಷ್ಟು ತಳ್ಳಬೇಕು ಎಂಬ ಲೆಕ್ಕ. ಆಕ್ಚುಯೇಟರನ್ನು ಬೂಮಿಗೆ ಎಲ್ಲಿ ಸಿಕ್ಕಿಸಿದ್ದೀರಿ ಎಂಬುದಲ್ಲ ಮುಖ್ಯ. ಅದರ ಉದ್ದಕ್ಕೂ ಒಂದು ದಾರ ಎಳೆದು ಹಿಡಿಯಿರಿ. ಬೂಮಿನ ಬುಡದ ಪಿನ್ನಿನಿಂದ ಆ ದಾರಕ್ಕೆ ಲಂಬವಾಗಿ ಎಷ್ಟು ತೂತು ದೂರವಿದೆ ನೋಡಿ. ಆ ದೂರ 5 ತೂತಾದರೆ 5000 ಭಾಗಿಸು 5, ಅಂದರೆ ಒಂದು ಕಿಲೋ ಬಲ. ಎರಡು ಆಕ್ಚುಯೇಟರ್‌ಗಳಿಗೆ ತಲಾ ಅರ್ಧ ಕಿಲೋ. ದೂರ 2 ತೂತಾದರೆ ಎರಡೂವರೆ ಕಿಲೋ. ಒಂದೇ ತೂತಾದರೆ ಐದು ಕಿಲೋ! ಬೂಮ್ ಕೆಳಗಿಳಿದಂತೆಲ್ಲ ಆಕ್ಚುಯೇಟರ್ ಮಲಗುತ್ತ ಹೋಗಿ ಅದರ ಗೆರೆ ಬುಡದ ಪಿನ್ನಿನ ಹತ್ತಿರಕ್ಕೆ ಸರಿಯುತ್ತದೆ, ಈ ದೂರ ಕುಗ್ಗುತ್ತದೆ. ಕೆಳಗೆ ಸಿಕ್ಕಿಬೀಳುವುದು, ಮೇಲೆ ಹಗುರಾಗುವುದು ಎರಡಕ್ಕೂ ಕಾರಣ ಇದೇ. ಆಕ್ಚುಯೇಟರ್‌ನ ಬುಡವನ್ನು ಬೂಮಿನ ಬುಡದ ನೇರ ಕೆಳಗೆ ಅಥವಾ ತುಸು ಹಿಂದೆ ಸಿಕ್ಕಿಸಿದ್ದೀರಿ ಎಂದೇ ನನ್ನ ಊಹೆ.

ನಿಜವಾದ ಯಂತ್ರವನ್ನು ನೋಡಿ. ನಿಮ್ಮೂರಿನಲ್ಲೇ ಟಾಟಾ ಹಿಟಾಚಿ ಕಾರ್ಖಾನೆ ಇರುವಾಗ ನೋಡಲು ಬರವಿಲ್ಲ. ಬೂಮಿನ ಎರಡು ಸಿಲಿಂಡರ್‌ಗಳ ಬುಡ ಬೂಮಿನ ಬುಡಕ್ಕಿಂತ ಕೆಳಗೂ ಇರುತ್ತದೆ, ಎದ್ದುಕಾಣುವಷ್ಟು ಮುಂದಕ್ಕೂ ಇರುತ್ತದೆ. ಮೇಲ್ಭಾಗದ ಚೌಕಟ್ಟಿನ ಮೂತಿಯಲ್ಲೇ ಕೂತಿರುತ್ತದೆ. ಬೂಮ್ ಎಷ್ಟೇ ತಗ್ಗಿದರೂ ಸಿಲಿಂಡರಿನ ಗೆರೆ ಬುಡದ ಪಿನ್ನಿನಿಂದ ದೂರವೇ ಉಳಿಯಲಿ ಎಂದು ಹಾಗೆ ಇಟ್ಟಿರುತ್ತಾರೆ. ನೀವೂ ಆಕ್ಚುಯೇಟರಿನ ಬುಡವನ್ನು ಮೂರು ತೂತು ಮುಂದಕ್ಕೆ, ಎರಡು ತೂತು ಕೆಳಕ್ಕೆ ತನ್ನಿ. ಬೂಮ್ ಪೂರ್ತಿ ತಗ್ಗಿದಾಗಲೂ ಲಂಬ ದೂರ ನಾಲ್ಕು ತೂತಿಗೆ ಕಡಿಮೆಯಾಗದಂತೆ ನೋಡಿಕೊಳ್ಳಿ. ಇದಕ್ಕೆ ಬೆಲೆಯೂ ಉಂಟು. ದೊಡ್ಡ ಆಕ್ಚುಯೇಟರ್ ಸುಮಾರು 5 ತೂತಿನಷ್ಟು ಮಾತ್ರ ಚಾಚುತ್ತದೆ. ಲಂಬ ದೂರವೂ 5 ಆದರೆ ಬೂಮ್ ಒಟ್ಟು 55ರಿಂದ 60 ಡಿಗ್ರಿಯಷ್ಟು ಆಡುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಮೇಜಿನ ಮೇಲೆ ಅಗೆದು ಲಾರಿಗೆ ತುಂಬಲು ಅಷ್ಟು ಧಾರಾಳ. ಹೆಚ್ಚು ಆಡಲಿ ಎಂದು ದೂರ ತಗ್ಗಿಸುವ ಆಸೆಯೇ ಎಲ್ಲರನ್ನೂ ಕೆಡಿಸುವುದು.

ಇನ್ನು ಉದ್ದ. ಇಪ್ಪತ್ತು ಟನ್ ವರ್ಗದ ಯಂತ್ರದ ಅಗಲ ಸುಮಾರು 2.8 ಮೀಟರ್, ಬೂಮ್ ಸುಮಾರು 5.7 ಮೀಟರ್, ಆರ್ಮ್ ಸುಮಾರು 2.9 ಮೀಟರ್. ಇಪ್ಪತ್ತರಲ್ಲಿ ಒಂದರ ಪ್ರಮಾಣದಲ್ಲಿ ಅಗಲ 140 ಮಿಲಿಮೀಟರ್, ಅಂದರೆ ಹದಿನೇಳೂವರೆ ತೂತು. ನಿಮ್ಮ 18 ಇದಕ್ಕೆ ಸರಿಯಾಗಿ ಹೊಂದುತ್ತದೆ. ಬೂಮ್ 36, ಆರ್ಮ್ 18, ಒಟ್ಟು 54. ನಿಮ್ಮದು 60. ಆರು ತೂತು ದೊಡ್ಡ ವಿಷಯವಲ್ಲ ಎನಿಸಬಹುದು. ಆದರೆ ಉದ್ದ ಬೆಳೆದಾಗ ಬೀಮುಗಳ (ತೂತಿನ ಸಾಲಿರುವ ಪಟ್ಟಿಗಳು) ತೂಕವೂ ಬೆಳೆಯುತ್ತದೆ, ಆ ತೂಕ ನಿಲ್ಲುವ ದೂರವೂ ಬೆಳೆಯುತ್ತದೆ. ಗ್ರಾಂ-ತೂತಿನ ಲೆಕ್ಕಕ್ಕೆ ಎರಡೂ ಕಡೆಯಿಂದ ಪೆಟ್ಟು. ಆರ್ಮನ್ನು ಮೊಟಕು ಮಾಡಿ. ನೋಟವೂ ಚೆನ್ನಾಗುತ್ತದೆ. ಉದ್ದ ಕೈಯ ಯಂತ್ರಗಳು ಕೆರೆ ಹೂಳೆತ್ತಲು ಬರುತ್ತವೆ ನಿಜ, ಆದರೆ ಅವುಗಳ ಬಕೆಟ್ ಎಷ್ಟು ಚಿಕ್ಕದಿರುತ್ತದೆ ಗಮನಿಸಿ.

ಮೋಟಾರಿನ ಬಲದ ಬಗ್ಗೆ ಅನುಮಾನ ಉಳಿದಿದ್ದರೆ ಅದನ್ನೂ ತೀರಿಸಿಬಿಡೋಣ. ಎಂ ಮೋಟಾರ್ 9 ವೋಲ್ಟಿನಲ್ಲಿ ಖಾಲಿ ತಿರುಗಿದಾಗ ನಿಮಿಷಕ್ಕೆ 400 ಸುತ್ತಿನ ಆಸುಪಾಸಿನಲ್ಲಿರುತ್ತದೆ. ತಡೆದು ನಿಲ್ಲಿಸಿದಾಗ ಅದರ ತಿರುಚುಬಲ ಸುಮಾರು 11 ನ್ಯೂಟನ್-ಸೆಂಟಿಮೀಟರ್, ನಮ್ಮ ಮಾನದಲ್ಲಿ 1400 ಗ್ರಾಂ-ತೂತು. ಎಕ್ಸ್‌ಎಲ್‌ನದು 40ರ ಹತ್ತಿರ, ಅಂದರೆ 5000. ನೋಡಿದಿರಾ? ಎಕ್ಸ್‌ಎಲ್ ಅನ್ನು ಬೂಮಿನ ಬುಡಕ್ಕೆ ನೇರವಾಗಿ ಜೋಡಿಸಿದರೂ ಅದು ಉಸಿರುಗಟ್ಟಿ ನಿಂತುಬಿಡುತ್ತದೆ. ಎತ್ತುವ ಕೆಲಸ ಮಾಡುವುದು ಆಕ್ಚುಯೇಟರಿನೊಳಗಿನ ತಿರುಪು. ಆಕ್ಸಲ್ ಒಂದು ಸುತ್ತು ತಿರುಗಿದರೆ ಕೋಲು ಹೊರಬರುವುದು ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ಮೋಟಾರ್ ನಿಂತರೂ ಬೂಮ್ ತಾನಾಗಿ ಇಳಿಯದಿರುವುದು ಈ ತಿರುಪಿನ ಗುಣ. ಹಾಗೆ ತಾನೇ ಬೀಗ ಹಾಕಿಕೊಳ್ಳುವ ಯಾವ ತಿರುಪಿನಲ್ಲಾದರೂ ಎತ್ತುವಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ತಿಕ್ಕಾಟಕ್ಕೇ ಹೋಗುತ್ತದೆ; ಅದು ಯಂತ್ರಶಾಸ್ತ್ರದ ನಿಯಮ, ಪ್ಲಾಸ್ಟಿಕ್ಕಿನ ದೋಷವಲ್ಲ. ಮುಕ್ಕಾಲು ಪಾಲು ಹೋಯಿತೆಂದೇ ಹಿಡಿಯಿರಿ. ಆಗಲೂ ಎಂ ಮೋಟಾರ್ ತನ್ನ ಬಲದ ಮೂರರಲ್ಲೊಂದು ಪಾಲು ಹಾಕಿದರೆ ಮೂರು ಕಿಲೋ ಮೀರಿ ತಳ್ಳಬಲ್ಲದು. ನಿಮಗೆ ಬೇಕಿರುವುದು ಒಂದು ಕಿಲೋ.

ಹಾಗಾದರೆ ಆ ಕಟಕಟ? ಅದರಲ್ಲಿ ಎರಡು ಬಗೆ ಇದೆ. ಕಿವಿಗೊಟ್ಟು ಬೇರೆ ಮಾಡಿಕೊಳ್ಳಿ. ಆಕ್ಚುಯೇಟರಿನೊಳಗೆ ಒಂದು ಕ್ಲಚ್ ಇದೆ; ಕೋಲು ತುದಿ ತಲುಪಿದಾಗ ಅಥವಾ ಹೊರೆ ಮಿತಿ ಮೀರಿದಾಗ ಅದು ಜಾರುತ್ತದೆ. ಆ ಸದ್ದು ಮೆತ್ತಗೆ, ಒಂದೇ ಲಯದಲ್ಲಿ ಬರುತ್ತದೆ. ಅದರಿಂದ ಹಾನಿಯಿಲ್ಲ. ಇನ್ನೊಂದು ಸದ್ದು ಗಡುಸು, ಲಯವಿಲ್ಲದ್ದು: ಗೇರಿನ ಹಲ್ಲು ಹಲ್ಲಿನ ಮೇಲೆ ಹತ್ತಿ ಹಾರುವ ಸದ್ದು. ಇದು ಹಲ್ಲುಗಳನ್ನು ಸವೆಸುತ್ತದೆ. ಮೋಟಾರ್ ಓಡುತ್ತಿರುವಾಗ ಗೇರುಗಳ ಎರಡೂ ಬದಿಯ ಬೀಮುಗಳನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ. ಹೊರೆ ಬಿದ್ದಾಗ ಗೇರುಗಳು ಒಂದನ್ನೊಂದು ದೂರ ತಳ್ಳುತ್ತವೆ, ಚೌಕಟ್ಟು ಬಾಯಿ ತೆರೆಯುತ್ತದೆ, ಹಲ್ಲು ಹಾರುತ್ತದೆ. ಇಲ್ಲಿ ದೊಡ್ಡ ಮೋಟಾರ್ ಹಾಕಿದ್ದರೆ ಇನ್ನಷ್ಟು ಜೋರಾಗಿ ತಳ್ಳಿ ಇನ್ನಷ್ಟು ಹಲ್ಲು ಹಾರಿಸುತ್ತಿತ್ತು.

ಗೇರುಗಳ ನಡುವಿನ ದೂರದ ಲೆಕ್ಕ ಮಗಳಿಗೆ ಬಾಯಿಪಾಠವಾಗಲಿ, ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಎರಡು ಗೇರಿನ ಹಲ್ಲುಗಳನ್ನು ಕೂಡಿಸಿ 16ರಿಂದ ಭಾಗಿಸಿದರೆ ಅವುಗಳ ಆಕ್ಸಲ್‌ಗಳ ನಡುವೆ ಇರಬೇಕಾದ ತೂತುಗಳು ಸಿಗುತ್ತವೆ. 8 ಮತ್ತು 24: ಎರಡು ತೂತು. 8 ಮತ್ತು 40: ಮೂರು. 12 ಮತ್ತು 20: ಎರಡು. 16 ಮತ್ತು 24 ಕೂಡಿದರೆ 40, ಅಂದರೆ ಎರಡೂವರೆ. ಅದಕ್ಕೆ ಅರ್ಧ ತೂತು ಸರಿಸುವ ಭಾಗಗಳು ಬೇಕು, ಅವುಗಳ ಸಹವಾಸ ಸದ್ಯ ಬೇಡ. ಗೇರುಗಳನ್ನು ಹೊತ್ತ ಎರಡು ಆಕ್ಸಲ್‌ಗಳೂ ಒಂದೇ ಬೀಮಿನ ತೂತುಗಳಲ್ಲಿ ಹಾಯಲಿ. ಒಂದು ಈ ಬೀಮಿನಲ್ಲಿ, ಇನ್ನೊಂದು ಪಿನ್ನಿನಿಂದ ಅಂಟಿಸಿದ ಪಕ್ಕದ ಬೀಮಿನಲ್ಲಿ ಇದ್ದರೆ ನಂಬಬೇಡಿ. ಗೇರಿನ ಎರಡೂ ಬದಿಗೆ ಬೀಮ್ ಇರಬೇಕು, ಆ ಎರಡು ಬೀಮುಗಳನ್ನು ಅಡ್ಡಲಾಗಿ ಇನ್ನೊಂದು ಭಾಗ ಬಂಧಿಸಿರಬೇಕು. ಆಯತಾಕಾರದ ಪೊಳ್ಳು ಚೌಕಟ್ಟಿನ ಭಾಗಗಳು ನಿಮ್ಮ ಡಬ್ಬಿಯಲ್ಲಿದ್ದರೆ ಅವನ್ನು ಮೊದಲು ಗೇರುಪೆಟ್ಟಿಗೆಗೆ ಮೀಸಲಿಡಿ.

ಬೂಮಿನ ಚೌಕಟ್ಟಿಗೆ ಕರ್ಣದ ಆಸರೆ ಕೊಡುವಾಗ ಬಹಳ ಜನ ಎಡವುವ ಒಂದು ಕಡೆ ಇದೆ. 3-4-5ರ ತ್ರಿಕೋನ ಎಂದು ಕೇಳಿ 3, 4, 5 ತೂತಿನ ಬೀಮುಗಳನ್ನು ತೆಗೆದುಕೊಳ್ಳುತ್ತಾರೆ, ಕೂರುವುದಿಲ್ಲ. ಎಣಿಸಬೇಕಾದದ್ದು ತೂತುಗಳ ನಡುವಿನ ಅಂತರ. ಆದ್ದರಿಂದ ಬೀಮುಗಳು 4, 5, 6 ತೂತಿನವಾಗಬೇಕು. ಗುಬುಟಿರುವ ಹಳೆಯ ಬಗೆಯ ತೂತಿನ ಬ್ರಿಕ್ಕುಗಳನ್ನು ಒಂದರ ಮೇಲೊಂದು ಇಡುವುದಾದರೆ ಲೆಕ್ಕ ಬೇರೆ: ಬ್ರಿಕ್ಕಿನ ಎತ್ತರ 9.6 ಮಿಲಿಮೀಟರ್, ತೂತಿನ ಅಂತರ 8, ಎರಡೂ ತಾಳೆಯಾಗುವುದಿಲ್ಲ. ನಡುವೆ ಎರಡು ಪ್ಲೇಟ್ ಇಟ್ಟರೆ 9.6ಕ್ಕೆ 6.4 ಸೇರಿ 16 ಆಗುತ್ತದೆ, ಸರಿಯಾಗಿ ಎರಡು ತೂತು; ಆಗ ನಿಲುವಾಗಿ ಬೀಮ್ ಹಾಯಿಸಿ ಬಿಗಿಯಬಹುದು.

ಪಿನ್ನುಗಳ ಬಣ್ಣವನ್ನೂ ನೋಡಿ. ಕಪ್ಪು ಪಿನ್ ಮತ್ತು ಮೂರು ತೂತುದ್ದದ ನೀಲಿ ಪಿನ್ ಬಿಗಿಯಾಗಿ ಕೂರುವಂಥವು, ಚೌಕಟ್ಟಿಗೆ ಮಾತ್ರ. ತಿರುಗಬೇಕಾದ ಕೀಲಿಗೆ ಬೂದು ಪಿನ್ ಅಥವಾ ಆಕ್ಸಲ್. ಬೂಮಿನ ಬುಡದಲ್ಲಿ, ಆಕ್ಚುಯೇಟರಿನ ಎರಡೂ ತುದಿಯಲ್ಲಿ, ಬಕೆಟ್‌ನ ಕೊಂಡಿಗಳಲ್ಲಿ ಕಪ್ಪು ಪಿನ್ನು ಉಳಿದಿದ್ದರೆ ಇಂದೇ ಬದಲಿಸಿ. ಬೂಮಿನ ಬುಡಕ್ಕಂತೂ ಎರಡು ಬದಿಗೆ ಎರಡು ಪಿನ್ನು ಹಾಕದೆ ಒಂದೇ ಉದ್ದನೆಯ ಆಕ್ಸಲ್ ಆಚೆಯಿಂದ ಈಚೆಗೆ ಹಾಯಿಸಿ. ಬೂಮ್ ಪಕ್ಕಕ್ಕೆ ಓಲಾಡುವುದು ನಿಲ್ಲುತ್ತದೆ.

ಎರಡು ಆಕ್ಚುಯೇಟರ್‌ಗಳು ಒಂದೇ ಮೋಟಾರಿನಿಂದ ನಡೆಯುತ್ತಿದ್ದರೆ ಎರಡೂ ಒಂದೇ ಉದ್ದದಲ್ಲಿವೆಯೇ ನೋಡಿ. ಒಂದು ಅರ್ಧ ಸುತ್ತು ಮುಂದಿದ್ದರೂ ಅವು ಬೂಮನ್ನು ಬಿಟ್ಟು ಪರಸ್ಪರ ಜಗಳಕ್ಕೆ ಬೀಳುತ್ತವೆ. ಉಪಾಯ ಸುಲಭ: ಎರಡನ್ನೂ ಬೂಮಿನಿಂದ ಕಳಚಿ, ಪೂರ್ತಿ ಒಳಕ್ಕೆ ಎಳೆದುಕೊಳ್ಳುವವರೆಗೆ ಮೋಟಾರ್ ಓಡಿಸಿ, ಎರಡರ ಕ್ಲಚ್ಚೂ ಜಾರುವ ಸದ್ದು ಕೇಳಿದ ಮೇಲೆ ಮತ್ತೆ ಸಿಕ್ಕಿಸಿ.

ವೈರಿನ ತೊಂದರೆಗೆ ಬರೋಣ. ನಿಜವಾದ ಯಂತ್ರದಲ್ಲಿ ಎಂಜಿನ್, ಪಂಪು ಎಲ್ಲ ಮೇಲೆ. ಚೈನ್ ಓಡಿಸುವ ಹೈಡ್ರಾಲಿಕ್ ಮೋಟಾರುಗಳು ಕೆಳಗೆ. ನಡುವೆ ತಿರುಗುವ ಒಂದು ಕೂಡುಕೊಳವೆಯ ಮೂಲಕ ಎಣ್ಣೆ ಇಳಿಯುತ್ತದೆ, ಹಾಗಾಗಿ ಮೇಲ್ಭಾಗ ಎಷ್ಟು ಸುತ್ತಿದರೂ ಯಾವ ಪೈಪೂ ಹುರಿಯಾಗುವುದಿಲ್ಲ. ನಮ್ಮ ವೈರುಗಳಿಗೆ ಅಂಥ ಭಾಗ ಲೆಗೊದಲ್ಲಿಲ್ಲ. ಟರ್ನ್‌ಟೇಬಲಿನ (ಮೇಲ್ಭಾಗ ಕೂತು ತಿರುಗುವ ಹಲ್ಲಿನ ಬಳೆ) ನಡುವಿನ ತೂತಿನಿಂದ ಆಕ್ಸಲ್ ಇಳಿಸಬಹುದು, ಆದರೆ ಒಂದು ಆಕ್ಸಲಿನಿಂದ ಎರಡು ಚೈನುಗಳನ್ನು ಬೇರೆ ಬೇರೆ ಓಡಿಸಲಾಗದು. ಯಂತ್ರ ಹಿಂದೆ ಮುಂದೆ ಹೋದೀತು, ತಿರುಗಲಾರದು. ವೈರನ್ನು ನಡುವೆ ಇಳಿಬಿಟ್ಟು ಒಂದು ಸುತ್ತಿಗೆ ತಡೆ ಹಾಕುವುದು ಬಡವರ ದಾರಿ. ಮಕ್ಕಳ ಕೈಯಲ್ಲಿ ಆ ತಡೆ ಒಂದು ವಾರ ಬಾಳುವುದಿಲ್ಲ.

ನನ್ನ ಸಲಹೆ, ಕೆಳಭಾಗವನ್ನು ಸ್ವತಂತ್ರ ಯಂತ್ರವನ್ನಾಗಿ ಮಾಡಿ. ಎಎಎ ಅಳತೆಯ ಆರು ಸೆಲ್ ಹಿಡಿಯುವ ಚಿಕ್ಕ ಪೆಟ್ಟಿಗೆ ಪವರ್ ಫಂಕ್ಷನ್ಸ್‌ನಲ್ಲೇ ಇದೆ. ಅದು, ಒಂದು ರಿಸೀವರ್, ಚೈನಿನ ಎರಡು ಮೋಟಾರ್, ಇಷ್ಟೂ ಚೈನುಗಳ ನಡುವೆ ಇರಲಿ. ಮೇಲಿರುವ ಸೆಲ್ ಪೆಟ್ಟಿಗೆ ಮೇಲ್ಭಾಗದ ಮೋಟಾರುಗಳಿಗೆ ಮಾತ್ರ. ಟರ್ನ್‌ಟೇಬಲ್ ದಾಟುವ ವೈರ್ ಒಂದೂ ಉಳಿಯುವುದಿಲ್ಲ, ಮೇಲ್ಭಾಗ ದಿನವಿಡೀ ಸುತ್ತಲಿ. ತೂಕ ಕೆಳಗೆ ಬಂದಿದ್ದರಿಂದ ಯಂತ್ರ ಮಗುಚುವ ಭಯವೂ ತಗ್ಗುತ್ತದೆ. ಒಂದೇ ಎಚ್ಚರ: ಈ ರಿಮೋಟ್ ಕೆಲಸ ಮಾಡುವುದು ಅವಕೆಂಪು ಕಿರಣದಿಂದ, ಟಿವಿ ರಿಮೋಟಿನಂತೆಯೇ. ರಿಸೀವರಿನ ಕಪ್ಪು ಗುಮ್ಮಟ ರಿಮೋಟಿಗೆ ಕಾಣಬೇಕು. ಚೈನುಗಳ ನಡುವೆ ಮುಂದಕ್ಕೋ ಹಿಂದಕ್ಕೋ ಇಣುಕುವಂತೆ ಕೂರಿಸಿ. ಬಿಸಿಲು ಬೀಳುವ ಜಗಲಿಯಲ್ಲಿ ಅದು ಕೆಪ್ಪಾಗುತ್ತದೆ. ರಿಸೀವರ್ ಕೆಟ್ಟಿತೆಂದು ಬಿಚ್ಚಲು ಹೋಗಬೇಡಿ, ಒಳಗೆ ತಂದು ನೋಡಿ.

ಟರ್ನ್‌ಟೇಬಲನ್ನು ತಿರುಗಿಸುವ ಗೇರುಗಳ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಹಳೆಯ ದೊಡ್ಡ ಟರ್ನ್‌ಟೇಬಲಿನ ಹೊರ ಅಂಚಿನಲ್ಲಿ 56 ಹಲ್ಲು, ಹೊಸದರಲ್ಲಿ 60. ಹಳೆಯದೆಂದು ಹಿಡಿಯೋಣ. ಮೋಟಾರಿನಿಂದ ವರ್ಮ್ ಗೇರ್ (ತಿರುಪಿನಾಕಾರದ ಗೇರ್), ಅದರಿಂದ 24 ಹಲ್ಲಿನ ಬಿಳಿ ಕ್ಲಚ್ ಗೇರ್, ಅದೇ ಆಕ್ಸಲಿನಲ್ಲಿ 8 ಹಲ್ಲಿನ ಗೇರ್, ಅದು ಟರ್ನ್‌ಟೇಬಲಿಗೆ. ವರ್ಮ್ ಒಂದು ಸುತ್ತಿಗೆ ಒಂದು ಹಲ್ಲು ಮಾತ್ರ ಸರಿಸುವುದರಿಂದ 24ಕ್ಕೆ 1, ಮುಂದೆ 7ಕ್ಕೆ 1, ಒಟ್ಟು 168ಕ್ಕೆ 1. ಒಂದು ಸುತ್ತಿಗೆ ಅರ್ಧ ನಿಮಿಷದ ಹತ್ತಿರ. ನಿಧಾನ ಎನಿಸೀತು, ಆದರೆ ಉದ್ದ ಬೂಮ್ ಹೊತ್ತು ತಿರುಗುವ ಯಂತ್ರಕ್ಕೆ ಈ ನಿಧಾನವೇ ಗಾಂಭೀರ್ಯ. ಕ್ಲಚ್ ಗೇರಿನ ಮೇಲೆ 2.5 ಮತ್ತು 5 ಎಂದು ಅಚ್ಚೊತ್ತಿರುತ್ತದೆ. ಎರಡೂವರೆಯಿಂದ ಐದು ನ್ಯೂಟನ್-ಸೆಂಟಿಮೀಟರ್ ಬಲಕ್ಕೆ ಅದು ಜಾರುತ್ತದೆ ಎಂದರ್ಥ. ಬಕೆಟ್ ಹೋಗಿ ಸೋಫಾದ ಕಾಲಿಗೆ ತಗುಲಿದಾಗ ಬಿಳಿ ಗೇರ್ ಜಾರಿ ಮಿಕ್ಕವನ್ನು ಉಳಿಸುತ್ತದೆ. ಅದನ್ನು ವರ್ಮಿಗಿಂತ ಮೊದಲು ಇಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಟರ್ನ್‌ಟೇಬಲ್ ಕಡೆಯಿಂದ ಬರುವ ಪೆಟ್ಟು ವರ್ಮನ್ನು ದಾಟುವುದೇ ಇಲ್ಲ.

ಎಡಕ್ಕೆ ಎಳೆಯುವ ಚೈನ್. ಎರಡು ಮೋಟಾರುಗಳು ಎಂದೂ ಒಂದೇ ವೇಗದಲ್ಲಿ ತಿರುಗುವುದಿಲ್ಲ, ಸಣ್ಣ ವ್ಯತ್ಯಾಸ ಸಹಜ. ಕಣ್ಣಿಗೆ ಕಾಣುವಷ್ಟು ಎಳೆದರೆ ಕಾರಣ ತಿಕ್ಕಾಟ, ಬಹುಮಟ್ಟಿಗೆ ಎಡಗಡೆಯದು. ಯಂತ್ರವನ್ನು ಎತ್ತಿ ಹಿಡಿದು, ಮೋಟಾರುಗಳನ್ನು ಕಳಚಿ, ಚೈನ್ ಓಡಿಸುವ ಹಲ್ಲುಚಕ್ರಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ಆಕ್ಸಲ್ ಜಾರದಿರಲೆಂದು ತೊಡಿಸುವ ಬುಷ್ ಬೀಮಿಗೆ ಒತ್ತಿಕೊಂಡಿರುತ್ತದೆ. ನಡುವೆ ಒಂದು ಕಾಗದ ಹಾಯುವಷ್ಟು ಸಂದು ಬಿಡಿ. ಹಲ್ಲುಚಕ್ರದ ಆಕ್ಸಲಿಗೆ ಒಳಬದಿಯಲ್ಲಿ ಮಾತ್ರ ಆಸರೆ ಇದ್ದರೆ ಯಂತ್ರದ ಭಾರಕ್ಕೆ ಅದು ಬಾಗಿ ಉಜ್ಜುತ್ತದೆ, ಹೊರಬದಿಗೂ ಒಂದು ಬೀಮ್ ಕೊಡಿ. ಮೋಟಾರನ್ನು ಚೈನಿಗೆ ನೇರವಾಗಿ ಜೋಡಿಸಿದ್ದರೆ ಅದು ತಪ್ಪು. 8ರಿಂದ 40ಕ್ಕೆ ಇಳಿಸಿ, ಐದು ಪಟ್ಟು ನಿಧಾನ. ಚೈನನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ, ಮೇಲಿನ ಬದಿ ಸ್ವಲ್ಪ ಜೋತಿರಲಿ, ನಿಜವಾದದ್ದೂ ಜೋತಿರುತ್ತದೆ. ನುಣುಪು ಟೈಲ್ಸ್ ಮೇಲೆ ಪ್ಲಾಸ್ಟಿಕ್ ಚೈನ್ ಜಾರುವುದು ಬೇರೆ ವಿಷಯ. ಕೊಂಡಿಗಳ ತೂತಿಗೆ ಸಿಕ್ಕಿಸುವ ಚಿಕ್ಕ ರಬ್ಬರ್ ತುಂಡುಗಳು ಸಿಗುತ್ತವೆ, ಇಲ್ಲದಿದ್ದರೆ ಜಮಖಾನೆ ಹಾಸಿ.

ಆರ್ಮ್ ಮತ್ತು ಬಕೆಟ್‌ಗೆ ಮೋಟಾರ್. ಇಲ್ಲಿ ಗ್ರಾಂ-ತೂತನ್ನು ಮತ್ತೆ ನೆನೆಯಿರಿ. ಎಂ ಮೋಟಾರ್ 31 ಗ್ರಾಂ. ಅದನ್ನು ಬೂಮಿನ ಮೇಲೆ ಬುಡದಿಂದ 20 ತೂತು ದೂರ ಇಟ್ಟರೆ 620 ಗ್ರಾಂ-ತೂತು ಹೆಚ್ಚಾಯಿತು. 5 ತೂತು ದೂರ ಇಟ್ಟರೆ 155 ಮಾತ್ರ. 69 ಗ್ರಾಂನ ಎಕ್ಸ್‌ಎಲ್ 20 ತೂತಿನಾಚೆ ಕೂತರೆ 1380. ಆದ್ದರಿಂದ ಎರಡೂ ಮೋಟಾರನ್ನು ಬೂಮಿನ ಬುಡದಲ್ಲೇ ಇಟ್ಟು, ಬೂಮಿನೊಳಗೆ ಎರಡು ಉದ್ದ ಆಕ್ಸಲ್ ಹಾಯಿಸಿ. ಈ ಆಕ್ಸಲ್‌ಗಳು ವೇಗವಾಗಿಯೇ ತಿರುಗಲಿ. ವೇಗ ತಗ್ಗಿಸುವ ಗೇರು ಕೊನೆಯಲ್ಲಿ, ಆಕ್ಚುಯೇಟರಿನ ಪಕ್ಕದಲ್ಲಿರಲಿ. ಮೊದಲೇ ವೇಗ ತಗ್ಗಿಸಿದರೆ ಆ ಪಾಟಿ ತಿರುಚುಬಲವನ್ನು ಉದ್ದನೆಯ ಪ್ಲಾಸ್ಟಿಕ್ ಆಕ್ಸಲ್ ಹೊರಬೇಕು, ಅದು ಹಗ್ಗದಂತೆ ತಿರುಚಿಕೊಂಡು ಆಮೇಲೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಆರ್ಮಿಗೆ ಒಂದು ದೊಡ್ಡ ಆಕ್ಚುಯೇಟರ್, ಬಕೆಟ್‌ಗೆ ಚಿಕ್ಕ ಆಕ್ಚುಯೇಟರ್ ಸಾಕು.

ಎಲ್ಲಿ ಸಿಕ್ಕಿಸಬೇಕು ಎಂಬುದಕ್ಕೂ ನಿಜವಾದ ಯಂತ್ರವೇ ಗುರು. ಆರ್ಮಿನ ಸಿಲಿಂಡರ್ ಬೂಮಿನ ಬೆನ್ನ ಮೇಲೆ, ಬಕೆಟ್‌ನದು ಆರ್ಮಿನ ಮುಂಬದಿಯಲ್ಲಿ. ಎರಡೂ ಚಾಚಿಕೊಂಡಾಗ ಬಕೆಟ್ ಯಂತ್ರದ ಕಡೆಗೆ ಮಡಚಿಕೊಳ್ಳುತ್ತದೆ. ಸಿಲಿಂಡರ್ ತಳ್ಳುವಾಗ ಎಣ್ಣೆ ಪಿಸ್ಟನ್ನಿನ ಪೂರ್ತಿ ಮುಖದ ಮೇಲೆ ಒತ್ತುತ್ತದೆ, ಎಳೆಯುವಾಗ ನಡುವಿನ ಕೋಲಿನಷ್ಟು ಜಾಗ ಕಡಿಮೆ. ಅಗೆಯುವ ಕೆಲಸಕ್ಕೆ ಹೆಚ್ಚಿನ ಬಲ ಸಿಗಲೆಂದೇ ಈ ಜೋಡಣೆ. ನಮ್ಮ ತಿರುಪಿಗೆ ಆ ಭೇದವಿಲ್ಲ, ಆದರೂ ಹಾಗೇ ಇಡಿ, ಕಂಡವರು ಒಪ್ಪಬೇಕಲ್ಲ. ಬಕೆಟ್‌ಗೆ ಆಕ್ಚುಯೇಟರನ್ನು ನೇರ ಸಿಕ್ಕಿಸದೆ ನಡುವೆ ಎರಡು ಕೊಂಡಿ ಹಾಕಿದರೆ ಬಕೆಟ್ ಬಹಳ ಹೆಚ್ಚು ಕೋನ ತಿರುಗುತ್ತದೆ. ಅಗೆಯಲೂ ಸುರಿಯಲೂ ಬರುವುದು ಆಗಲೇ.

ಮೋಟಾರುಗಳು ಆರಾದವು: ಕೆಳಗೆ ಎರಡು, ಮೇಲೆ ನಾಲ್ಕು. ರಿಸೀವರಿಗೆ ಎರಡು ಮೋಟಾರ್ ಲೆಕ್ಕದಲ್ಲಿ ಮೂರು ರಿಸೀವರ್. ರಿಮೋಟಿನಲ್ಲಿ ನಾಲ್ಕು ಚಾನೆಲ್ ಇರುವುದರಿಂದ ಜಾಗವಿದೆ. ನೀವು ಕೊಳ್ಳಬೇಕಾದದ್ದು ಎರಡು ಎಂ ಮೋಟಾರ್, ಒಂದು ರಿಸೀವರ್, ಎಎಎ ಪೆಟ್ಟಿಗೆ, ದೊಡ್ಡದೊಂದು ಚಿಕ್ಕದೊಂದು ಆಕ್ಚುಯೇಟರ್. 2007ರಲ್ಲಿ ಬಂದ ಪವರ್ ಫಂಕ್ಷನ್ಸ್ ತಯಾರಿಕೆ ನಿಂತಿದೆ, ಬಳಸಿದ್ದನ್ನೇ ಹುಡುಕಬೇಕು. ಅದರ ನಂತರ ಬಂದ ಪವರ್ಡ್ ಅಪ್ ಬಗೆಯ ಪ್ಲಗ್ಗುಗಳು ಇದಕ್ಕೆ ಕೂರುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಒಂದೆರಡು ಕೊಂಡು ಬೆರೆಸಲು ಹೋಗಬೇಡಿ. ಇನ್ನೊಂದು ಮಾತು: ಸನ್ನೆಕೋಲಿನ ರಿಮೋಟ್ ಮೋಟಾರನ್ನು ಪೂರ್ತಿ ಓಡಿಸುತ್ತದೆ ಇಲ್ಲವೇ ನಿಲ್ಲಿಸುತ್ತದೆ. ಬಿರಡೆ ತಿರುಗಿಸುವ ರಿಮೋಟಿನಲ್ಲಿ ಪ್ರತಿ ದಿಕ್ಕಿಗೆ ಏಳು ಹಂತದ ವೇಗ ಇದೆ. ಚೈನಿಗೆ ಎರಡನೆಯದು ಮೇಲು. ಬಲಗಡೆಯದನ್ನು ಒಂದು ಹಂತ ತಗ್ಗಿಸಿದರೆ ಉಳಿದ ಅಲ್ಪಸ್ವಲ್ಪ ಎಡ ಎಳೆತವೂ ಹೋಗುತ್ತದೆ. ಬೇರೆ ಕಂಪನಿಗಳ ಹೊಂದುವ ಭಾಗಗಳನ್ನು ಬೀಮಿಗೆ, ಹೊದಿಕೆಗೆ ಧಾರಾಳ ಬಳಸಿ. ಗೇರು, ಆಕ್ಸಲ್, ಪಿನ್ನುಗಳಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ.

ದೊಡ್ಡ ಸೆಟ್? 2010ರ 8043 ಸಂಖ್ಯೆಯ ಅಗೆಯುವ ಯಂತ್ರದಲ್ಲಿ 1127 ಭಾಗ, ನಿಮ್ಮಲ್ಲಿರುವಂತೆ ನಾಲ್ಕೇ ಎಂ ಮೋಟಾರ್. ಸಿಕ್ಕರೆ ಅದರ ಕಟ್ಟುವ ಪುಸ್ತಿಕೆಯನ್ನಾದರೂ ನೋಡಿ, ಗೇರುಪೆಟ್ಟಿಗೆ ಕಟ್ಟುವ ಶಿಸ್ತು ಅದರಲ್ಲಿದೆ. 2019ರ 42100, ಲೀಬ್‌ಹೆರ್ ಆರ್ 9800, 4108 ಭಾಗ, ಏಳು ಮೋಟಾರ್, ಎರಡು ಹಬ್ (ಸೆಲ್ ಪೆಟ್ಟಿಗೆ, ರಿಸೀವರ್ ಎರಡೂ ಒಂದೇ ಆಗಿರುವ ಭಾಗ). ಫ್ರಾನ್ಸಿನ ಕೋಲ್ಮಾರ್‌ನಲ್ಲಿ ತಯಾರಾಗುವ, ಸುಮಾರು 800 ಟನ್ ತೂಗುವ ಗಣಿ ಯಂತ್ರದ ಮಾದರಿ. ಭವ್ಯವಾಗಿದೆ, ದುಬಾರಿಯೂ ಹೌದು, ಓಡಿಸಲು ಮೊಬೈಲ್ ಆ್ಯಪ್ ಬೇಕು. ತಾನೇ ಲೆಕ್ಕ ಹಾಕಿ ಯಂತ್ರ ಕಟ್ಟಿದ ಹುಡುಗಿಗೆ ಪುಟ ತಿರುವಿ ಜೋಡಿಸುವುದು ರುಚಿಸುತ್ತದೆಂದು ನನಗನ್ನಿಸುವುದಿಲ್ಲ. ಅವಳನ್ನೇ ಕೇಳಿ.

ಸೆಲ್ಲುಗಳ ವಿಷಯ ಚಿಕ್ಕದು. ಆರು ಸಾಧಾರಣ ಸೆಲ್ 9 ವೋಲ್ಟ್. ಚಾರ್ಜ್ ಮಾಡುವಂಥವು ತಲಾ 1.2ರಂತೆ 7.2. ವೇಗ ತುಸು ಇಳಿದರೂ ಎಳೆಯುವಾಗ ಸೋಲುವುದಿಲ್ಲ, ತಿಂಗಳ ಖರ್ಚೂ ಉಳಿಯುತ್ತದೆ. ಮೇಲಿನ ಪೆಟ್ಟಿಗೆಯನ್ನು ಆದಷ್ಟೂ ಹಿಂದಕ್ಕೆ ತಳ್ಳಿ, ಬೂಮಿಗೆ ಎದುರು ತೂಕ ಅದೇ ಆಗಲಿ. ಬೂಮ್ ಸಿಕ್ಕಿಬಿದ್ದಾಗ ಒತ್ತಿದ ರಿಮೋಟನ್ನು ಬಿಟ್ಟುಬಿಡಲು ಮಗಳಿಗೆ ಹೇಳಿ. ಮೋಟಾರಿನೊಳಗೆ ಬಿಸಿಯಾದರೆ ಕರೆಂಟ್ ತಡೆಯುವ ಭಾಗವಿದೆ, ಸತ್ತಂತೆ ನಿಂತು ಆರಿದ ಮೇಲೆ ಮತ್ತೆ ಓಡುತ್ತದೆ, ಆದರೆ ಪದೇ ಪದೇ ಅದನ್ನು ಪರೀಕ್ಷಿಸುವ ಅಗತ್ಯವಿಲ್ಲ.

ಬೂಮ್ ಎದ್ದ ದಿನ ಅಂಗಳದ ಮರಳಿಗೆ ಕೊಂಡೊಯ್ಯುವ ಆಸೆ ಆಗುತ್ತದೆ. ಬೇಡ. ಮರಳಿನ ಕಣ ಗೇರಿನ ಹಲ್ಲಿನ ನಡುವೆ, ಆಕ್ಚುಯೇಟರಿನ ತಿರುಪಿಗೆ ಹೊಕ್ಕರೆ ತೆಗೆಯಲಾಗದು. ರಾಗಿಯೂ ಸಣ್ಣದಾಯಿತು. ಪರಾತದ ತುಂಬ ಕಡಲೆಕಾಳು ಹಾಕಿಕೊಡಿ, ಮತ್ತು ಅಗೆಯುವ ಮುನ್ನ ಬಕೆಟ್ ತುಂಬಿದಾಗಿನ ತೂಕವನ್ನು ತಕ್ಕಡಿಯ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ: 40 ಗ್ರಾಂ ಕಾಳು 50 ತೂತಿನಾಚೆ ಇನ್ನೂ 2000 ಗ್ರಾಂ-ತೂತು ಸೇರಿಸುತ್ತದೆ.